ಒಂದು ರೋಗದ ನಿವೃತ್ತಿ, ಇನ್ನೊಂದರ ಪುನಃಪ್ರಕೋಪ



ವೈದ್ಯಶಾಸ್ತ್ರದ ಯಾವುದಾದರೊಂದು ವಿಷಯವನ್ನು ವೈದ್ಯರಲ್ಲದವರಿಗೂ ತಿಳಿಯುವಂತೆ ಕನ್ನಡದಲ್ಲಿ ಪ್ರತಿಪಾದಿಸಬೇಕೆಂಬುದು ಈ ಉಪನ್ಯಾಸದತ್ತಿಯ ಆಶಯವೆಂದು ವ್ಯವಸ್ಥಾಪಕರು ನನಗೆ ತಿಳಿಸಿದಾಗ, ಹೃದ್ರೋಗ, ಮಧುಮೇಹ ಮೊದಲಾದ ಸರ್ವಪರಿಚಿತ ವಿಷಯಗಳನ್ನು ಬಿಟ್ಟು, ನೋಟಕ್ಕೆ ತೀರ ಸಂಕುಚಿತವೆಂದು ತೋರಬಹುದಾದ ಒಂದು ವಿಷಯವನ್ನು ನಾನು ಆರಿಸಿಕೊಂಡೆನು. ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗಕ್ಕೆ ಔಷಧವನ್ನು ಕೊಡುತ್ತಿರುವಾಗ, ಅದೇ ಯಕೃತ್ತಿನಲ್ಲಿ ಬಹುಕಾಲದಿಂದ ಸದ್ದಿಲ್ಲದೆ ಅಡಗಿದ್ದ ಹೆಪಟೈಟಿಸ್ ಬಿ ವೈರಾಣು ಕೆರಳಿ ಮೇಲೇಳುವ ಸಂಭವವೇ ಆ ವಿಷಯ. ಇದು ತಜ್ಞರ ಕೊಠಡಿಯಲ್ಲಿ ಚರ್ಚೆಯಾಗಬೇಕಾದ ಮಾತಲ್ಲವೆ, ಸಾರ್ವಜನಿಕ ಸಭೆಯಲ್ಲಿ ಇದಕ್ಕೇನು ಕೆಲಸ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಔಷಧವೊಂದರ ಗುಣದೋಷಗಳನ್ನು ನಾವು ಯಾರ ದೇಹದಲ್ಲಿ ಪರೀಕ್ಷಿಸಿ ತಿಳಿಯುತ್ತೇವೆ, ಆ ಪರೀಕ್ಷೆಯಿಂದ ಯಾರನ್ನು ಹೊರಗಿಡುತ್ತೇವೆ, ಹಾಗೆ ಹೊರಗಿಟ್ಟದ್ದರ ಫಲವನ್ನು ಕಡೆಗೆ ಯಾರು ಉಣ್ಣುತ್ತಾರೆ ಎಂಬ ಪ್ರಶ್ನೆ ಇದರಲ್ಲಿ ಅಡಗಿರುವುದರಿಂದ, ಇದು ತಜ್ಞರಿಗೆ ಮಾತ್ರ ಸೇರಿದ್ದೆಂದು ನಾನು ಎಣಿಸಿಲ್ಲ.

ಮೊದಲು ಈ ಎರಡು ವೈರಾಣುಗಳ ಸ್ವಭಾವವನ್ನೂ, ಆಮೇಲೆ ಹೆಪಟೈಟಿಸ್ ಸಿ ರೋಗಕ್ಕೆ ಬಂದ ಹೊಸ ಔಷಧಗಳ ಮಹಿಮೆಯನ್ನೂ, ತರುವಾಯ ಅವುಗಳ ಬೆನ್ನಿಗೆ ಬಂದ ಅಪಾಯವು ಬೆಳಕಿಗೆ ಬಂದ ಬಗೆಯನ್ನೂ ಹೇಳಿ, ಕಡೆಯಲ್ಲಿ ನಮ್ಮ ಆಸ್ಪತ್ರೆಗಳಲ್ಲಿ ಮಾಡತಕ್ಕದ್ದೇನೆಂಬುದನ್ನು ವಿಚಾರಿಸುತ್ತೇನೆ.

ಕಾಮಾಲೆಯೆಂಬುದು ನಮ್ಮ ಜನಕ್ಕೆ ಹೊಸದಲ್ಲ. ಕಣ್ಣು ಹಳದಿಗೆ ತಿರುಗಿ, ಮೂತ್ರ ಕಡುಬಣ್ಣವಾಗಿ, ಅನ್ನ ಸೇರದೆ ಹೋದಾಗ ಹಳ್ಳಿಯ ನಾಟಿವೈದ್ಯನು ನೆಲನೆಲ್ಲಿಯನ್ನು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕೊಟ್ಟು, ಪಥ್ಯ ಹೇಳಿ ಕಳಿಸುತ್ತಿದ್ದುದನ್ನು ನಮ್ಮಲ್ಲಿ ಹಲವರು ಕಂಡವರೇ. ಆದರೆ ಕಾಮಾಲೆ ಒಂದು ಲಕ್ಷಣವಲ್ಲದೆ ಒಂದು ರೋಗವಲ್ಲ. ಅದರ ಹಿಂದೆ ಬೇರೆ ಬೇರೆ ಕಾರಣಗಳಿವೆ. ಕೆಟ್ಟ ನೀರಿನಿಂದ ಬಂದು ಕೆಲವು ವಾರಗಳಲ್ಲಿ ತಾನಾಗಿ ಇಳಿದುಹೋಗುವ ಕಾಮಾಲೆಯೇ ಹೆಚ್ಚಾದುದರಿಂದ, ಯಾವ ಮದ್ದು ಕೊಟ್ಟರೂ ಅದಕ್ಕೆ ಕೀರ್ತಿ ಬರುವುದು ಸುಲಭ. ರಕ್ತದ ಮೂಲಕವೂ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೂ, ಶುದ್ಧಿಯಿಲ್ಲದ ಸೂಜಿಯಿಂದಲೂ ಹರಡಿ, ಕಾಮಾಲೆಯನ್ನೇ ತೋರದೆ ಇಪ್ಪತ್ತು ಮೂವತ್ತು ವರ್ಷ ಯಕೃತ್ತಿನಲ್ಲಿ ನೆಲಸಿ, ಅದನ್ನು ಗಂಟುಗಂಟಾಗಿಸಿ, ಕೆಲವರಲ್ಲಿ ಅರ್ಬುದಕ್ಕೂ ದಾರಿಮಾಡುವ ಬಿ ಮತ್ತು ಸಿ ವೈರಾಣುಗಳ ಮಾತೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಲೋಕದಲ್ಲಿ ಸುಮಾರು 25.4 ಕೋಟಿ ಜನರು ಹೆಪಟೈಟಿಸ್ ಬಿ ವೈರಾಣುವನ್ನೂ, ಸುಮಾರು 5 ಕೋಟಿ ಜನರು ಸಿ ವೈರಾಣುವನ್ನೂ ಹೊತ್ತಿದ್ದರು. ಭಾರತದ ಪಾಲು ಕ್ರಮವಾಗಿ ಸುಮಾರು 2.98 ಕೋಟಿ ಮತ್ತು 55 ಲಕ್ಷ.

ಬಿ ವೈರಾಣುವಿನ ಸುಳಿವು ಸಿಕ್ಕಿದ್ದು ಅದನ್ನು ಹುಡುಕದವನ ಕೈಗೆ. ಅಮೆರಿಕದ ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿಯು 1960ರ ದಶಕದಲ್ಲಿ ನಾನಾ ಜನಾಂಗಗಳ ರಕ್ತದಲ್ಲಿ ಆನುವಂಶಿಕವಾಗಿ ಬರುವ ವ್ಯತ್ಯಾಸಗಳನ್ನು ಅಭ್ಯಾಸಮಾಡುತ್ತಿದ್ದಾಗ, ಪದೇ ಪದೇ ರಕ್ತಪೂರಣ ಪಡೆದಿದ್ದ ಒಬ್ಬ ರೋಗಿಯ ರಕ್ತಸಾರವು ಆಸ್ಟ್ರೇಲಿಯದ ಒಬ್ಬ ಆದಿವಾಸಿಯ ರಕ್ತಸಾರದೊಡನೆ ಸೇರಿ ಗೆರೆಗಟ್ಟಿದುದನ್ನು ಕಂಡನು. ‘ಆಸ್ಟ್ರೇಲಿಯ ಪ್ರತಿಜನಕ’ವೆಂದು ಹೆಸರು ಪಡೆದ ಆ ವಸ್ತುವು ಬಿ ವೈರಾಣುವಿನ ಹೊರಕವಚವೆಂಬುದು ಕೆಲವು ವರ್ಷಗಳ ಮೇಲೆ ನಿಶ್ಚಿತವಾಯಿತು, 1976ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ನಮ್ಮ ಪ್ರಯೋಗಶಾಲೆಗಳು ಎಚ್‌ಬಿಎಸ್‌ಎಜಿ ಎಂದು ಬರೆದುಕೊಡುವುದು ಇದನ್ನೇ. ಇಲ್ಲಿ ಒಂದು ಪ್ರಾಸಂಗಿಕ ಮಾತು: ನಮ್ಮ ನೆಲನೆಲ್ಲಿಯನ್ನು ಇದೇ ಬ್ಲಂಬರ್ಗ್ ಮದರಾಸಿನ ವಿಜ್ಞಾನಿಗಳೊಡನೆ ಕೂಡಿ ಬಿ ವೈರಾಣುವುಳ್ಳವರಿಗೆ ಕೊಟ್ಟು ನೋಡಿ, 1988ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಹು ಆಶಾದಾಯಕವಾದ ಫಲವನ್ನು ಪ್ರಕಟಿಸಿದ್ದುಂಟು. ಆಮೇಲೆ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮರಳಿ ಕಾಣಲಿಲ್ಲ. ನಾಟಿಮದ್ದನ್ನು ಹೀಗಳೆಯುವವರೂ ಹೊಗಳುವವರೂ ಈ ಪ್ರಸಂಗವನ್ನು ಪೂರ್ತಿಯಾಗಿ ಓದಿಕೊಳ್ಳುವುದು ಲೇಸು.

ಈ ವೈರಾಣುವಿನ ಒಂದು ಗುಣವನ್ನು ತಾವು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಯಕೃತ್ತಿನ ಕೋಶವನ್ನು ಹೊಕ್ಕ ಬಿ ವೈರಾಣು ತನ್ನ ಡಿಎನ್‌ಎಯನ್ನು ಕೋಶದ ಕೇಂದ್ರಬೀಜದೊಳಗೆ ಒಯ್ದು, ಅಲ್ಲಿ ತುದಿಗಳಿಲ್ಲದ ಒಂದು ಭದ್ರವಾದ ಬಳೆಯಾಗಿ ಇಟ್ಟುಬಿಡುತ್ತದೆ. ರೋಗಿ ಗುಣಹೊಂದಿದನೆಂದು ನಾವು ಹೇಳುವಾಗ, ರಕ್ತದಲ್ಲಿ ಹೊರಕವಚದ ಸುಳಿವೂ ಇಲ್ಲದೆ, ಅದಕ್ಕೆ ಪ್ರತಿಕಾಯವೂ ಹುಟ್ಟಿದ್ದಾಗಲೂ, ಆ ಬಳೆ ಕೆಲವು ಕೋಶಗಳಲ್ಲಿ ಹಾಗೆಯೇ ಉಳಿದಿರುತ್ತದೆ. ಇಂದಿನ ಯಾವ ಔಷಧವೂ ಅದನ್ನು ಬುಡಸಹಿತ ಕಿತ್ತುಹಾಕಲಾರದು. ಅದನ್ನು ಅಡಗಿಸಿಟ್ಟಿರುವುದು ದೇಹದ ರಕ್ಷಣಾಶಕ್ತಿ. ಆ ಶಕ್ತಿ ಸಡಿಲವಾದರೆ ವೈರಾಣು ಮತ್ತೆ ವೃದ್ಧಿಯಾಗುತ್ತದೆ. ಅರ್ಬುದದ ಚಿಕಿತ್ಸೆ ಪಡೆಯುವವರಲ್ಲಿ ಇಂಥ ಪುನಃಪ್ರಕೋಪ ಉಂಟಾಗುವುದು 1970ರ ದಶಕದಿಂದಲೇ ವೈದ್ಯರಿಗೆ ತಿಳಿದಿತ್ತು.

ಸಿ ವೈರಾಣುವಿನ ಪ್ರಕೃತಿ ಇದಕ್ಕೆ ವಿರುದ್ಧವಾದದ್ದು. ಅದರ ಬೀಜದ್ರವ್ಯ ಆರ್‌ಎನ್‌ಎ. ಅದು ಕೋಶದ ಕೇಂದ್ರಬೀಜವನ್ನು ಹೊಗುವುದಿಲ್ಲ, ಶಾಶ್ವತವಾದ ನೆಲೆಯನ್ನು ಅಲ್ಲಿ ಕಟ್ಟಿಕೊಳ್ಳುವುದೂ ಇಲ್ಲ. ಅದರ ಸಂತಾನವೃದ್ಧಿಯನ್ನು ಕೆಲವು ವಾರಗಳ ಕಾಲ ಬಿಡುವಿಲ್ಲದೆ ತಡೆದರೆ ಅದು ನಿರ್ವಂಶವಾಗುತ್ತದೆ. ‘ಎಯೂ ಅಲ್ಲ, ಬಿಯೂ ಅಲ್ಲ’ ಎಂಬ ನಿಷೇಧರೂಪದ ಹೆಸರಿನಿಂದ ಬಹುಕಾಲ ಅಜ್ಞಾತವಾಗಿದ್ದ ಇದನ್ನು 1989ರಲ್ಲಿ ಮೈಕೇಲ್ ಹೌಟನ್ ಮತ್ತು ಅವರ ಸಹೋದ್ಯೋಗಿಗಳು ಗುರುತಿಸಿದರು. ಹಾರ್ವೆ ಆಲ್ಟರ್, ಚಾರ್ಲ್ಸ್ ರೈಸ್ ಎಂಬವರೊಡನೆ ಹೌಟನ್ನರಿಗೆ 2020ರ ನೊಬೆಲ್ ಪಾರಿತೋಷಕ ಸಂದಿತು. ನಮ್ಮ ದೇಶದ ರಕ್ತನಿಧಿಗಳಲ್ಲಿ ಸಿ ವೈರಾಣುವಿನ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೆ ಮುಂಚೆ ಥಲಸ್ಸೀಮಿಯದ ಮಕ್ಕಳೂ ಶಸ್ತ್ರಚಿಕಿತ್ಸೆಗೊಂಡವರೂ ರಕ್ತದೊಡನೆ ಏನನ್ನು ಪಡೆದರೆಂಬುದನ್ನು ತಾವೇ ಊಹಿಸಬಹುದು. ಎರಡು ವೈರಾಣುಗಳೂ ಸಂಚರಿಸುವ ಹಾದಿ ಬಹುಮಟ್ಟಿಗೆ ಒಂದೇ ಆದುದರಿಂದ, ಒಬ್ಬನೇ ವ್ಯಕ್ತಿಯಲ್ಲಿ ಎರಡೂ ಸೇರಿರುವುದು ಆಶ್ಚರ್ಯವಲ್ಲ.

ಇನ್ನು ಔಷಧಗಳ ವಿಷಯಕ್ಕೆ ಬರೋಣ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಸಿ ರೋಗಿಗೆ ನಾವು ಕೊಡಬಹುದಾಗಿದ್ದುದು ಇಂಟರ್‌ಫೆರಾನ್ ಚುಚ್ಚುಮದ್ದು ಮತ್ತು ರೈಬಾವೈರಿನ್ ಗುಳಿಗೆ. ವಾರವಾರವೂ ಚುಚ್ಚಿಸಿಕೊಂಡು, ಹಲವೊಮ್ಮೆ 48 ವಾರಗಳ ಕಾಲ ಜ್ವರ, ಮೈಕೈನೋವು, ಖಿನ್ನತೆ, ರಕ್ತಕ್ಷಯಗಳನ್ನು ಸಹಿಸಿ, ಕಡೆಗೆ ಗುಣವಾಗದೆ ಹೋದವರು ಬಹುಮಂದಿ. ಆ ಕಾಲದ ಹೊರರೋಗಿ ವಿಭಾಗದಲ್ಲಿ ಔಷಧವನ್ನು ಅರ್ಧಕ್ಕೆ ಬಿಡುವೆನೆಂದು ಕಣ್ಣೀರಿಟ್ಟವರನ್ನು ಸಮಾಧಾನಪಡಿಸುವುದೇ ನಮ್ಮ ಕೆಲಸದ ಅರ್ಧಭಾಗವಾಗಿತ್ತು. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಸಿಮೆಪ್ರೆವಿರ್, ಸೊಫೊಸ್‌ಬುವಿರ್ ಎಂಬ ಗುಳಿಗೆಗಳಿಗೆ ಅನುಮತಿ ದೊರೆತ ಮೇಲೆ ಈ ಚಿತ್ರವೇ ಬದಲಾಯಿತು. ಲೆಡಿಪಾಸ್‌ವಿರ್, ಡಕ್ಲಾಟಾಸ್‌ವಿರ್, ವೆಲ್ಪಾಟಾಸ್‌ವಿರ್ ಮೊದಲಾದವುಗಳು ಒಂದರ ಹಿಂದೊಂದು ಬಂದವು. ದೇಹವನ್ನು ಪ್ರಚೋದಿಸದೆ ವೈರಾಣುವಿನ ಕಿಣ್ವಗಳನ್ನೂ ಇತರ ಪ್ರೋಟೀನುಗಳನ್ನೂ ನೇರವಾಗಿ ತಡೆಹಿಡಿಯುವ ಈ ಔಷಧಗಳಿಂದ, ಸಾಮಾನ್ಯವಾಗಿ 12 ವಾರಗಳಲ್ಲಿ, ನೂರಕ್ಕೆ ತೊಂಬತ್ತೈದರಷ್ಟು ರೋಗಿಗಳು ವೈರಾಣುವಿನಿಂದ ಮುಕ್ತರಾಗತೊಡಗಿದರು.

ಬೆಲೆಯ ವಿಚಾರವನ್ನು ಹೇಳದೆ ಮುಂದೆ ಹೋಗಲಾಗದು. ಸೊಫೊಸ್‌ಬುವಿರ್ ಗುಳಿಗೆ ಒಂದಕ್ಕೆ ಅಮೆರಿಕದಲ್ಲಿ ಆರಂಭದಲ್ಲಿ ಸಾವಿರ ಡಾಲರಿತ್ತು. 12 ವಾರಗಳಿಗೆ 84,000 ಡಾಲರು. 2014ರ ಸೆಪ್ಟೆಂಬರಿನಲ್ಲಿ ಅದರ ಒಡೆತನದ ಗಿಲಿಯಡ್ ಸಂಸ್ಥೆಯು ಭಾರತದ ಏಳು ಕಂಪನಿಗಳಿಗೆ ಅದನ್ನು ತಯಾರಿಸುವ ಪರವಾನಗಿಯನ್ನು ಕೊಟ್ಟ ಮೇಲೆ, ಮರುವರ್ಷದಿಂದ ನಮ್ಮ ಔಷಧದ ಅಂಗಡಿಗಳಲ್ಲಿ ಅದು ಆ ಬೆಲೆಯ ಅತ್ಯಲ್ಪಾಂಶಕ್ಕೆ ಸಿಗುವಂತಾಯಿತು. ಪಂಜಾಬ್ ಸರ್ಕಾರವು 2016ರಲ್ಲಿ ಉಚಿತ ಚಿಕಿತ್ಸೆಯನ್ನು ಆರಂಭಿಸಿತು. 2018ರ ಜುಲೈ 28ರಂದು, ಎಂದರೆ ಬ್ಲಂಬರ್ಗನ ಜನ್ಮದಿನವಾದ ವಿಶ್ವ ಹೆಪಟೈಟಿಸ್ ದಿನದಂದು, ಇಡೀ ದೇಶಕ್ಕೆ ಅನ್ವಯಿಸುವ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವು ಪ್ರಾರಂಭವಾಯಿತು. ನಮ್ಮ ಕರ್ನಾಟಕದ ರೋಗಿಗೂ ಬಿ ಮತ್ತು ಸಿ ಎರಡರ ಪರೀಕ್ಷೆ, ಎರಡರ ಔಷಧ ಇದರಡಿಯಲ್ಲಿ ಉಚಿತವಾಗಿ ದೊರೆಯತಕ್ಕವು.

ಇಂಥ ವಿಜಯದ ನಡುವೆ ಅಪಾಯವು ಕಾಣಿಸಿಕೊಂಡ ಬಗೆಯನ್ನು ಈಗ ನೋಡೋಣ. ನನ್ನ ಉಪನ್ಯಾಸದ ಹೃದಯಭಾಗ ಇದೇ.

ಹೊಸ ಗುಳಿಗೆಗಳು ಬಳಕೆಗೆ ಬಂದ ಒಂದೆರಡು ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು ವಿಚಿತ್ರವಾದ ಪ್ರಕರಣ ವೈದ್ಯಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಅವುಗಳ ಸಾಮಾನ್ಯ ಗತಿ ಹೀಗೆ: ಔಷಧ ಆರಂಭವಾದ ಒಂದರಿಂದ ನಾಲ್ಕು ವಾರಗಳೊಳಗೆ ರಕ್ತದಲ್ಲಿ ಸಿ ವೈರಾಣು ಕಾಣದಾಗುತ್ತದೆ, ಯಕೃತ್ತಿನ ಉರಿಯೂತವನ್ನು ಸೂಚಿಸುವ ಎಸ್‌ಜಿಪಿಟಿಯ ಅಂಕೆ ಇಳಿದು, ರೋಗಿಯೂ ವೈದ್ಯನೂ ಸಂತೋಷಪಡುತ್ತಾರೆ, ನಾಲ್ಕರಿಂದ ಎಂಟನೆಯ ವಾರದ ನಡುವೆ ಅದೇ ಅಂಕೆ ಮತ್ತೆ ಏರತೊಡಗುತ್ತದೆ. ಸಿ ವೈರಾಣುವಿನ ಪರೀಕ್ಷೆ ಮಾಡಿದರೆ ಅದು ಇಲ್ಲ. ಔಷಧದ ವಿಷಗುಣವಿರಬಹುದೆಂದು ಗುಳಿಗೆ ನಿಲ್ಲಿಸಿದರೂ ಏರಿಕೆ ನಿಲ್ಲದು. ಕಣ್ಣು ಹಳದಿಯಾಗುತ್ತದೆ, ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗುತ್ತದೆ. ಆಗ ಯಾರೋ ಒಬ್ಬರಿಗೆ ಬಿ ವೈರಾಣುವಿನ ಡಿಎನ್‌ಎಯನ್ನು ಅಳೆಯಬೇಕೆಂದು ಹೊಳೆಯುತ್ತದೆ. ನೋಡಿದರೆ ಅದು ಲಕ್ಷಾಂತರ, ಕೆಲವೊಮ್ಮೆ ಕೋಟ್ಯಂತರ ಪ್ರಮಾಣದಲ್ಲಿದೆ. ಸಿ ವೈರಾಣುವಿನ ಗುಳಿಗೆಗೆ ಬಿ ವೈರಾಣುವಿನ ಮೇಲೆ ಯಾವ ಪ್ರಭಾವವೂ ಇಲ್ಲದಿರುವುದರಿಂದ, ಬಿ ರೋಗದ ಔಷಧ ತಡವಾದಷ್ಟೂ ಯಕೃತ್ತು ಕೆಡುತ್ತಲೇ ಇರುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2013ರ ನವೆಂಬರಿನಿಂದ 2016ರ ಜುಲೈವರೆಗಿನ ಇಂಥ ವರದಿಗಳನ್ನು ಕಲೆಹಾಕಿದಾಗ 24 ಪ್ರಕರಣಗಳು ಖಚಿತವಾಗಿ ಸಿಕ್ಕಿದವು. ಇಬ್ಬರು ಮೃತಪಟ್ಟಿದ್ದರು, ಒಬ್ಬರಿಗೆ ಯಕೃತ್ತಿನ ಕಸಿ ಮಾಡಬೇಕಾಯಿತು. 2016ರ ಅಕ್ಟೋಬರ್ 4ರಂದು ಈ ಎಲ್ಲ ಔಷಧಗಳ ವಿವರಣಪತ್ರದ ನೆತ್ತಿಯ ಮೇಲೆ, ಆ ಸಂಸ್ಥೆ ಕೊಡಬಹುದಾದ ಅತ್ಯಂತ ತೀವ್ರವಾದ ಚೌಕಟ್ಟಿನ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ಆಜ್ಞೆಯಾಯಿತು. ಐರೋಪ್ಯ ಔಷಧ ಸಂಸ್ಥೆಯೂ ಅದೇ ವರ್ಷ ವಿಚಾರಣೆ ನಡೆಸಿ, ಚಿಕಿತ್ಸೆಗೆ ಮುನ್ನ ಎಲ್ಲರಿಗೂ ಬಿ ವೈರಾಣುವಿನ ಪರೀಕ್ಷೆ ಆಗತಕ್ಕದ್ದೆಂದು ವಿಧಿಸಿತು.

ಸಾವಿರಾರು ರೋಗಿಗಳ ಮೇಲೆ ಪ್ರಯೋಗ ಮಾಡಿ, ಪ್ರತಿಯೊಂದು ತಲೆನೋವನ್ನೂ ಪಟ್ಟಿಮಾಡಿ ಅನುಮತಿ ಪಡೆದ ಔಷಧಗಳಲ್ಲಿ ಇಷ್ಟು ದೊಡ್ಡ ಅಪಾಯವು ಮೊದಲೇ ಏಕೆ ಕಾಣಲಿಲ್ಲ? ಉತ್ತರ ಸರಳವಾಗಿದೆ: ಬಿ ವೈರಾಣುವುಳ್ಳವರನ್ನು ಆ ಪ್ರಯೋಗಗಳಿಗೆ ಸೇರಿಸಿಕೊಂಡೇ ಇರಲಿಲ್ಲ. ಹೊಸ ಔಷಧದ ಪರಿಣಾಮವು ನಿಚ್ಚಳವಾಗಿ ತೋರಬೇಕಾದರೆ ಬೇರೆ ರೋಗಗಳ ಗೊಂದಲವಿರಬಾರದೆಂಬುದು ಪ್ರಯೋಗ ನಡೆಸುವವರ ವಾದ. ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆಸ್ಪತ್ರೆಯ ಬಾಗಿಲಿಗೆ ಬರುವ ರೋಗಿ ಗೊಂದಲವಿಲ್ಲದೆ ಬರುವುದಿಲ್ಲ. ಹೊರಗಿಟ್ಟವರ ಬಗ್ಗೆ ‘ಪರೀಕ್ಷಿಸಿಲ್ಲ’ ಎಂಬ ಮಾತು, ಪ್ರಯೋಗಶಾಲೆಯಿಂದ ಅಂಗಡಿಗೆ ಬರುವ ಹಾದಿಯಲ್ಲಿ ‘ಅಪಾಯವಿಲ್ಲ’ ಎಂಬ ಮಾತಾಗಿ ಮಾರ್ಪಟ್ಟಿತು. ಯಾರೂ ಹಾಗೆ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಹಾಗೆ ನಡೆದುಕೊಂಡರು. ಅಂಥ ರೋಗಿಗಳು ವಿರಳವಾದ ದೇಶಗಳಲ್ಲಿ ರೂಪಿತವಾದ ಪ್ರಯೋಗದ ನಿಯಮವು, ಅವರು ಹೇರಳವಾಗಿರುವ ಏಷ್ಯದ ದೇಶಗಳಿಗೂ ಔಷಧದ ಜೊತೆಯಲ್ಲೇ ಬಂದಿತು.

ಈ ವಿದ್ಯಮಾನದ ಕಾರಣವೇನೆಂಬುದನ್ನೂ ಸ್ವಲ್ಪ ನೋಡಬೇಕು. ಎರಡು ವೈರಾಣುಗಳು ಒಂದೇ ಯಕೃತ್ತಿನಲ್ಲಿದ್ದಾಗ ಸಾಮಾನ್ಯವಾಗಿ ಸಿ ಮೇಲುಗೈಯಾಗಿ, ಬಿ ಅಡಗಿರುತ್ತದೆಂಬುದು ಹಳೆಯ ಅನುಭವ. ಸಿ ವೈರಾಣು ಯಕೃತ್ತಿನಲ್ಲಿರುವಷ್ಟು ಕಾಲವೂ ಅಲ್ಲಿನ ಕೋಶಗಳು ದೇಹವೇ ಉತ್ಪಾದಿಸುವ ಇಂಟರ್‌ಫೆರಾನಿನ ಪ್ರೇರಣೆಯಿಂದ ಸದಾ ಒಂದು ಬಗೆಯ ಪ್ರತಿರೋಧದ ಸ್ಥಿತಿಯಲ್ಲಿರುತ್ತವೆ. ಈ ಪ್ರತಿರೋಧದಿಂದ ಸಿ ನಾಶವಾಗದಿದ್ದರೂ ಬಿ ತಗ್ಗಿರುತ್ತದೆ ಎಂಬುದು ಇಂದು ಹೆಚ್ಚು ಸಮ್ಮತವಾದ ವಿವರಣೆ. ಊರಿಗೆ ಒಬ್ಬ ದೊಡ್ಡ ಕಳ್ಳನ ಭಯ ಬಂದಾಗ ತಳವಾರರು ರಾತ್ರಿಯೆಲ್ಲ ಗಸ್ತು ತಿರುಗುತ್ತಾರೆ. ದೊಡ್ಡ ಕಳ್ಳ ಕೈಗೆ ಸಿಗದಿದ್ದರೂ, ಆ ಗಸ್ತಿಗೆ ಹೆದರಿ ಸಣ್ಣ ಕಳ್ಳನು ಹಿತ್ತಿಲು ಬಿಟ್ಟು ಬರುವುದಿಲ್ಲ. ದೊಡ್ಡವನು ಸೆರೆಸಿಕ್ಕ ಮರುದಿನ ತಳವಾರರು ನೆಮ್ಮದಿಯಾಗಿ ಮಲಗಿದರೆ ಸಣ್ಣವನ ಕಾಲ ಬಂದಂತೆಯೇ. ಹಳೆಯ ಚುಚ್ಚುಮದ್ದಿನ ಕಾಲದಲ್ಲಿ ಈ ತೊಂದರೆ ಅಷ್ಟಾಗಿ ಕಣ್ಣಿಗೆ ಬೀಳದಿದ್ದುದಕ್ಕೂ ಇದರಲ್ಲಿ ಉತ್ತರವಿದೆ. ಇಂಟರ್‌ಫೆರಾನ್ ಎರಡು ವೈರಾಣುಗಳನ್ನೂ ದಮನಿಸುವ ಔಷಧ. ರೋಗಿಯನ್ನು ಅಷ್ಟು ಪೀಡಿಸುತ್ತಿದ್ದ ಆ ಮದ್ದು, ನಮಗೆ ತಿಳಿಯದಂತೆಯೇ ಒಂದು ಉಪಕಾರವನ್ನೂ ಮಾಡುತ್ತಿತ್ತು.

ಅಪಾಯದ ಪ್ರಮಾಣವೆಷ್ಟು? ಇದರಲ್ಲಿ ಉತ್ಪ್ರೇಕ್ಷೆಯೂ ಕೂಡದು, ಉಪೇಕ್ಷೆಯೂ ಕೂಡದು. ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ರಕ್ತದಲ್ಲಿ ಬಿ ವೈರಾಣುವಿನ ಹೊರಕವಚವಿರುವ ರೋಗಿಗಳಲ್ಲಿ ನೂರಕ್ಕೆ ಸುಮಾರು 24 ಮಂದಿಗೆ ವೈರಾಣು ವೃದ್ಧಿಯಾಯಿತು. ಅದರಿಂದ ಯಕೃತ್ತಿನ ಉರಿಯೂತವೂ ಉಂಟಾದವರು ನೂರಕ್ಕೆ ಸುಮಾರು 9. ಹೊರಕವಚವಿಲ್ಲದೆ, ಹಿಂದೊಮ್ಮೆ ಸೋಂಕಾಗಿತ್ತೆಂಬುದಕ್ಕೆ ಸಾಕ್ಷಿಯಾದ ಪ್ರತಿಕಾಯ ಮಾತ್ರ ಇರುವವರಲ್ಲಿ ವೃದ್ಧಿಯಾದದ್ದು ನೂರಕ್ಕೆ ಒಂದೂವರೆಯಷ್ಟೂ ಇಲ್ಲ. ತೈವಾನ್ ದ್ವೀಪದಲ್ಲಿ ಎರಡು ರೋಗಗಳೂ ಬಹಳ. ಅಲ್ಲಿನ ವೈದ್ಯರು ಪ್ರಯೋಗದ ಹಳೆಯ ನಿಯಮವನ್ನು ತಿರುವಿಹಾಕಿ, ಎರಡೂ ವೈರಾಣುಗಳಿರುವ 111 ಜನರನ್ನೇ ಆರಿಸಿಕೊಂಡು 12 ವಾರಗಳ ಚಿಕಿತ್ಸೆ ಕೊಟ್ಟರು. ಸಿ ವೈರಾಣು ಎಲ್ಲರಲ್ಲೂ ನಾಶವಾಯಿತು. ಬಿ ವೈರಾಣುವಿನ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಏರಿತಾದರೂ, ಎಚ್ಚರದ ಕಣ್ಣಿಟ್ಟಿದ್ದುದರಿಂದ ಯಕೃತ್ತಿಗೆ ಗಣನೀಯವಾದ ಪೆಟ್ಟು ತಗುಲಿದವರು ಕೆಲವೇ ಮಂದಿ. ಮೊದಲೇ ಮಾಡಬೇಕಾಗಿದ್ದ ಪ್ರಯೋಗ ಇದು ಎಂಬುದು ನನ್ನ ಅಭಿಪ್ರಾಯ. ಈ ಅಂಕೆಗಳನ್ನು ನೋಡಿ ಸಿ ರೋಗದ ಚಿಕಿತ್ಸೆಯನ್ನೇ ಬೇಡವೆನ್ನುವುದು ಅವಿವೇಕ. ಚಿಕಿತ್ಸೆಯಿಲ್ಲದ ಸಿ ರೋಗದಿಂದ ಬರುವ ಕೇಡು ಇದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಕೊನೆಯದಾಗಿ, ಮಾಡತಕ್ಕದ್ದೇನೆಂಬ ವಿಚಾರ. ಸಿ ರೋಗದ ಗುಳಿಗೆಯನ್ನು ಬರೆದುಕೊಡುವ ಮುನ್ನ ಬಿ ವೈರಾಣುವಿನ ಹೊರಕವಚ, ಅದರ ಒಳತಿರುಳಿನ ವಿರುದ್ಧದ ಪ್ರತಿಕಾಯ, ಹೊರಕವಚದ ವಿರುದ್ಧದ ಪ್ರತಿಕಾಯ, ಈ ಮೂರನ್ನೂ ಪರೀಕ್ಷಿಸಬೇಕು. ಮೊದಲನೆಯದು ಬೆರಳಿನಿಂದ ತೆಗೆದ ಒಂದು ತೊಟ್ಟು ರಕ್ತದಲ್ಲಿ, ಅಂಗೈಗಿಂತ ಚಿಕ್ಕದಾದ ಒಂದು ಪಟ್ಟಿಯ ಮೇಲೆ, ಕಾಲುಗಂಟೆಯಲ್ಲಿ ತಿಳಿಯುತ್ತದೆ: ಒಂದು ಗೆರೆ ಮೂಡಿದರೆ ಇಲ್ಲ, ಎರಡು ಮೂಡಿದರೆ ಉಂಟು. ನಮ್ಮಲ್ಲಿ ಹಲವೆಡೆ ಕೆಲಸ ಇಲ್ಲಿಗೇ ನಿಲ್ಲುವುದನ್ನು ನೋಡಿದ್ದೇನೆ. ಒಂದು ಗೆರೆಯನ್ನು ಕಂಡ ಕೂಡಲೆ ‘ಬಿ ಇಲ್ಲ’ವೆಂದು ಚೀಟಿಯಲ್ಲಿ ಬರೆದುಬಿಡುತ್ತಾರೆ; ಒಳತಿರುಳಿನ ಪ್ರತಿಕಾಯದ ಪರೀಕ್ಷೆಗೆ ಮಾದರಿಯನ್ನು ದೊಡ್ಡ ಊರಿಗೆ ಕಳಿಸಬೇಕಾಗುವುದರಿಂದ ಅದು ಬಿಟ್ಟುಹೋಗುತ್ತದೆ. ಕೋಶದೊಳಗಿನ ಬಳೆಯ ಮಾತನ್ನು ನೆನೆದರೆ ಆ ಚೀಟಿಯ ಬರೆಹ ಎಷ್ಟು ಅಪೂರ್ಣವೆಂಬುದು ತಮಗೆ ತಿಳಿಯುತ್ತದೆ.

ಮೂರೂ ಇಲ್ಲದವರಿಗೆ ಬಿ ರೋಗದ ಲಸಿಕೆ ಹಾಕಿಸಬೇಕು. ಅಲ್ಲಿಗೆ ಅವರ ವಿಷಯ ಮುಗಿಯಿತು. ಹೊರಕವಚವಿಲ್ಲದೆ ಒಳತಿರುಳಿನ ಪ್ರತಿಕಾಯವಿದ್ದವರಿಗೆ ಬೇರೆ ಔಷಧ ಬೇಡ. ಆದರೆ ತಿಂಗಳಿಗೊಮ್ಮೆ ಎಸ್‌ಜಿಪಿಟಿ ನೋಡುತ್ತಿದ್ದು, ಅದು ಇಳಿಯದಿದ್ದರೆ ಅಥವಾ ಇಳಿದು ಏರಿದರೆ ಕೂಡಲೆ ಹೊರಕವಚವನ್ನೂ ಡಿಎನ್‌ಎಯನ್ನೂ ಪರೀಕ್ಷಿಸಬೇಕು. ಹೊರಕವಚ ಇರುವವರ ವಿಷಯದಲ್ಲಿ ಪಂಡಿತರಲ್ಲಿ ಸ್ವಲ್ಪ ಮತಭೇದವುಂಟು. ಯಕೃತ್ತು ಆಗಲೇ ಕೆಟ್ಟಿದ್ದರೆ ಅಥವಾ ಡಿಎನ್‌ಎ ಹೆಚ್ಚಾಗಿದ್ದರೆ ಬಿ ರೋಗದ ಔಷಧವಾದ ಎಂಟೆಕಾವಿರ್ ಅಥವಾ ಟೆನೊಫೊವಿರ್ ಗುಳಿಗೆಯನ್ನು ಜೊತೆಯಲ್ಲೇ ಕೊಡಬೇಕೆಂಬುದರಲ್ಲಿ ಎಲ್ಲರೂ ಒಂದೇ. ಡಿಎನ್‌ಎ ಕಡಮೆಯಿದ್ದರೆ, ಮುಂಜಾಗ್ರತೆಯಾಗಿ ಅದೇ ಗುಳಿಗೆಯನ್ನು ಕೊಡುವುದು ಯೂರೋಪಿನ ಪದ್ಧತಿ. ಗುಳಿಗೆಯಿಲ್ಲದೆ ಆಗಾಗ ಡಿಎನ್‌ಎಯನ್ನು ಅಳೆಯುತ್ತ ಕಾಯುವುದಕ್ಕೂ ಅಮೆರಿಕದ ಪದ್ಧತಿಯಲ್ಲಿ ಅವಕಾಶವಿದೆ. ರಾಯಚೂರಿನ ಅಥವಾ ಚಾಮರಾಜನಗರದ ಒಂದು ಹಳ್ಳಿಯಿಂದ ಕೂಲಿ ಬಿಟ್ಟು, ಬಸ್ಸು ಹಿಡಿದು ಬರಬೇಕಾದ ರೋಗಿಗೆ ಅಮೆರಿಕದ ಈ ಎರಡನೆಯ ದಾರಿ ಹೊಂದುವುದಿಲ್ಲವೆಂದು ನಾನು ತಿಳಿದಿದ್ದೇನೆ. ಡಿಎನ್‌ಎ ಪರೀಕ್ಷೆಗೆ ಹಣ ಕೊಡುವವನಿಗೆ ಒಂದು ಪರೀಕ್ಷೆಯ ಖರ್ಚಿನಲ್ಲಿ ತಿಂಗಳಿಗೂ ಮಿಕ್ಕು ಗುಳಿಗೆ ಬರುತ್ತದೆ. ಹಣ ಕೊಡದವನಿಗೂ ಫಲಿತಾಂಶ ಬರುವ ಹೊತ್ತಿಗೆ ಅಮೂಲ್ಯವಾದ ವಾರಗಳು ಕಳೆದಿರುತ್ತವೆ. ಎಚ್‌ಐವಿಗಾಗಿ ಟೆನೊಫೊವಿರ್ ಇರುವ ಔಷಧವನ್ನು ಈಗಾಗಲೇ ಸೇವಿಸುತ್ತಿರುವವರಿಗೆ ಆ ಗುಳಿಗೆಯೇ ರಕ್ಷಣೆಯಾದುದರಿಂದ, ಅದನ್ನು ನಡುವೆ ಬದಲಿಸದಂತೆ ಮಾತ್ರ ನೋಡಿಕೊಳ್ಳಬೇಕು.

ಇನ್ನೊಂದು ಅಂಶವನ್ನು ಹೇಳಿ ಮುಗಿಸುತ್ತೇನೆ. ಮುಂಜಾಗ್ರತೆಯ ಗುಳಿಗೆಯನ್ನು ಸಿ ರೋಗದ ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ 12 ವಾರ ಮುಂದುವರಿಸಬೇಕು. ಅದನ್ನು ಹಠಾತ್ತನೆ ಬಿಟ್ಟರೆ ಬಿಟ್ಟದ್ದರಿಂದಲೇ ಬಿ ವೈರಾಣು ಕೆರಳಬಹುದಾದ್ದರಿಂದ, ನಿಲ್ಲಿಸಿದ ಮೇಲೂ ಕೆಲವು ತಿಂಗಳು ರಕ್ತಪರೀಕ್ಷೆ ನಡೆಯುತ್ತಿರಬೇಕು. ರೋಗಿ ಕೈತಪ್ಪಿಹೋಗುವುದು ಇಲ್ಲಿಯೇ. ‘ಸಿ ಹೋಯಿತು, ನೀವು ಗುಣವಾದಿರಿ’ ಎಂದು ವೈದ್ಯನು ಹೇಳಿದ ದಿನವೇ ಅವನು ಚೀಟಿಯನ್ನು ಮಡಿಚಿ ಜೇಬಿಗಿಟ್ಟು ಊರಿಗೆ ಹೋಗುತ್ತಾನೆ. ಉಳಿದ ಗುಳಿಗೆ ಯಾವುದಕ್ಕೆಂದು ಮನೆಯವರಿಗೂ ತಿಳಿಯದು. ಆದುದರಿಂದ ಜಿಲ್ಲಾ ಆಸ್ಪತ್ರೆಯ ಚಿಕಿತ್ಸಾಕೇಂದ್ರಗಳಲ್ಲಿ ಎರಡು ರೋಗಗಳಿಗೂ ಒಂದೇ ಕಾರ್ಡನ್ನು ಇಟ್ಟು, ಬಿ ಗುಳಿಗೆ ಯಾವ ತಾರೀಖಿನವರೆಗೆ, ಮುಂದಿನ ರಕ್ತಪರೀಕ್ಷೆ ಯಾವ ದಿನ ಎಂಬುದನ್ನು ಚಿಕಿತ್ಸೆಯ ಮೊದಲ ದಿನವೇ ಕನ್ನಡದಲ್ಲಿ ಬರೆದುಕೊಡಬೇಕು. ಕರೆಸಿಕೊಳ್ಳಲು ರೋಗಿಯದಲ್ಲದೆ ಮನೆಯ ಇನ್ನೊಬ್ಬರ ಫೋನ್ ಸಂಖ್ಯೆಯನ್ನೂ ಅದೇ ಕಾರ್ಡಿನಲ್ಲಿ ಗುರುತುಮಾಡಿಕೊಳ್ಳಬೇಕು.